ಧರ್ಮಕ್ಕೆ ಕೊಟ್ಟ ಮದ್ದು: ಕರಾವಳಿಯಲ್ಲಿ ಕ್ರೈಸ್ತ ವಿಶ್ವಾಸ ಸೇವೆಯ ಮೂಲಕ ಮಾತಾಡಿದ್ದು ಹೇಗೆ?

ಮಂಗಳೂರು: ಕರಾವಳಿಯ ಆಡುಮಾತಿನಲ್ಲಿ ‘ಧರ್ಮಕ್ಕೆ’ ಅಂದ್ರೆ ದುಡ್ಡಿಲ್ಲದೆ ಅಂತ ಅರ್ಥ. ‘ಇದು ಧರ್ಮಕ್ಕೆ ಸಿಕ್ಕಿದ್ದು’, ‘ಎಂಥ, ಧರ್ಮಕ್ಕೆ ಕೊಡ್ತಾರಾ?’ ಎಂಬ ಮಾತು ಇಲ್ಲಿ ಪೇಟೆಯಲ್ಲೂ ಕೇಳುತ್ತದೆ, ಬಸ್ಸಿನಲ್ಲೂ ಕೇಳುತ್ತದೆ. ಬಿಟ್ಟಿ ಮದ್ದು ಕೊಡುವ ಆಸ್ಪತ್ರೆಯನ್ನು ಹಳಬರು ಧರ್ಮಾಸ್ಪತ್ರೆ ಎಂದೇ ಕರೆಯುತ್ತಿದ್ದರು.

ಅದೇ ‘ಧರ್ಮ’ಕ್ಕೆ ಮತ ಎಂಬ ಅರ್ಥವೂ ಉಂಟು. ಹಾಗಾಗಿ ಒಂದು ಧರ್ಮದವರು ಇನ್ನೊಂದು ಧರ್ಮದವರಿಗೆ ಧರ್ಮಕ್ಕೆ ಏನಾದರೂ ಕೊಟ್ಟಾಗ ಪ್ರಶ್ನೆ ಏಳುವುದು ಸಹಜ. ಇದು ದಾನವಾ, ಗಾಳವಾ? ದಕ್ಷಿಣ ಕನ್ನಡದಲ್ಲಿ ಈ ಪ್ರಶ್ನೆಗೆ ಒಂದೂವರೆ ಶತಮಾನಕ್ಕಿಂತ ಹೆಚ್ಚಿನ ಇತಿಹಾಸ ಉಂಟು. ಇಲ್ಲಿನ ಆಸ್ಪತ್ರೆ, ಶಾಲೆ, ಹಂಚಿನ ಕಾರ್ಖಾನೆ, ಅನಾಥಾಲಯಗಳಲ್ಲಿ ಅನೇಕವು ಹುಟ್ಟಿದ್ದೇ ಕ್ರೈಸ್ತ ಸಂಸ್ಥೆಗಳಿಂದ. ಅವುಗಳಿಂದ ಉಪಕಾರ ಪಡೆದವರಲ್ಲಿ ಎಲ್ಲ ಮತದವರೂ ಇದ್ದಾರೆ. ಅನುಮಾನಪಟ್ಟವರೂ ಇದ್ದಾರೆ.

ಕ್ರೈಸ್ತರು ಸೇವೆಯನ್ನು ತಮ್ಮ ವಿಶ್ವಾಸದ ‘ಸಾಕ್ಷಿ’ ಎನ್ನುತ್ತಾರೆ. ಹಾಗೆಂದರೇನು, ಅದು ಎಲ್ಲಿ ಸರಿಯಾಗಿ ನಡೆಯುತ್ತದೆ, ಎಲ್ಲಿ ಕೆಡುತ್ತದೆ? ಜಿಲ್ಲೆಯ ಚರಿತ್ರೆಯೊಳಗೇ ಉತ್ತರ ಹುಡುಕಬಹುದು.

ಕಂಕನಾಡಿಯ ಮದ್ದಿನ ಪೆಟ್ಟಿಗೆ

1878ರ ಡಿಸೆಂಬರ್ ಕೊನೆಯ ದಿನ ಮಂಗಳೂರಿಗೆ ಜೆಸ್ವಿಟ್ ಗುರುಗಳ ಒಂದು ತಂಡ ಬಂದಿಳಿಯಿತು. ಅದರಲ್ಲಿದ್ದವರು ಜರ್ಮನಿ ಮೂಲದ ಫಾದರ್ ಅಗಸ್ಟಸ್ ಮುಲ್ಲರ್. ಅವರು ಬಂದದ್ದು ವೈದ್ಯರಾಗಿ ಅಲ್ಲ. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಮಾಡುವುದು ಅವರ ಕೆಲಸವಾಗಿತ್ತು. ಆದರೆ ಅವರಿಗೆ ಹೋಮಿಯೋಪಥಿ ಗೊತ್ತಿತ್ತು, ಕೈಯಲ್ಲಿ ಒಂದು ಮದ್ದಿನ ಪೆಟ್ಟಿಗೆ ಇತ್ತು.

ಅದೇ ವರ್ಷ ಕಂಕನಾಡಿಯಲ್ಲಿ ಬಡವರಿಗೆ ಮದ್ದು ಕೊಡುವ ಕೆಲಸ ಶುರುವಾಯಿತು. ಆಲದ ಮರದ ಕೆಳಗೆ ಶುರುವಾದದ್ದು ಎಂದು ಇಂದಿಗೂ ಹೇಳ್ತಾರೆ. ಅದಕ್ಕಿಟ್ಟ ಹೆಸರು ಹೋಮಿಯೋಪಥಿಕ್ ಪೂವರ್ ಡಿಸ್ಪೆನ್ಸರಿ. ಹೆಸರಿನಲ್ಲೇ ‘ಬಡವರ’ ಎಂಬುದಿತ್ತು. ದುಡ್ಡಿದ್ದವರು ಬೆಲೆ ಕೊಟ್ಟು ಮದ್ದು ಒಯ್ಯಬೇಕು, ಆ ಆದಾಯದಿಂದ ಬಡವರ ಚಿಕಿತ್ಸೆ ನಡೆಯಬೇಕು ಎಂಬ ಲೆಕ್ಕಾಚಾರ. ಕಂಕನಾಡಿಯಿಂದ ಅಂಚೆ ಮೂಲಕ ಮದ್ದು ದೇಶದ ಬೇರೆ ಬೇರೆ ಊರುಗಳಿಗೆ ಹೋಗುತ್ತಿತ್ತು.

1890ರಲ್ಲಿ ಮುಲ್ಲರ್ ಕುಷ್ಠರೋಗಿಗಳಿಗಾಗಿ ಸಂತ ಜೋಸೆಫರ ಆಸ್ಪತ್ರೆ ತೆರೆದರು. ಈ ಹೆಜ್ಜೆಯ ತೂಕ ಅರ್ಥವಾಗಬೇಕಾದರೆ ಆ ಕಾಲ ನೆನಪಿಸಿಕೊಳ್ಳಬೇಕು. ಕುಷ್ಠಕ್ಕೆ ಪರಿಣಾಮಕಾರಿ ಔಷಧ ಬಂದದ್ದು 1940ರ ದಶಕದಲ್ಲಿ. ಅಂದ್ರೆ 1890ರಲ್ಲಿ ಆಸ್ಪತ್ರೆಗೆ ಸೇರಿದವರನ್ನು ಗುಣ ಮಾಡುವ ಮದ್ದು ಯಾರ ಬಳಿಯೂ ಇರಲಿಲ್ಲ. ಕೊಡಬಹುದಾಗಿದ್ದದ್ದು ಇಷ್ಟೇ: ಒಂದು ಹಾಸಿಗೆ, ಹೊತ್ತು ಹೊತ್ತಿಗೆ ಊಟ, ಗಾಯ ತೊಳೆದು ಕಟ್ಟುವ ಕೈ. ಮನೆಯಿಂದಲೂ ಊರಿನಿಂದಲೂ ಹೊರಹಾಕಲ್ಪಟ್ಟ, ಯಾರೂ ಮುಟ್ಟದ ದೇಹವನ್ನು ಒಬ್ಬರು ಮುಟ್ಟಿದ್ದೇ ಅಲ್ಲಿ ಮೊದಲ ಚಿಕಿತ್ಸೆ.

ಮುಂದೆ ಊರಿಗೆ ಪ್ಲೇಗ್ ಬಂದಾಗ ಆ ರೋಗಿಗಳಿಗೂ ಕಂಕನಾಡಿಯಲ್ಲಿ ಜಾಗ ಸಿಕ್ಕಿತು. ಮುಲ್ಲರ್ 1910ರ ನವೆಂಬರ್ 1ರಂದು ತೀರಿಕೊಂಡರು. ಆ ಸಂಸ್ಥೆ ಇವತ್ತು ವೈದ್ಯಕೀಯ ಕಾಲೇಜು, ನರ್ಸಿಂಗ್ ಕಾಲೇಜು, ಹೋಮಿಯೋಪಥಿ ಕಾಲೇಜು ಇರುವ ದೊಡ್ಡ ಆಸ್ಪತ್ರೆ. ಹೋಮಿಯೋಪಥಿಯ ಪರಿಣಾಮದ ಬಗ್ಗೆ ವೈದ್ಯರ ನಡುವೆ ಚರ್ಚೆ ಉಂಟು, ಅದು ಬೇರೆ ವಿಚಾರ. ಊರಿನ ನೆನಪಿನಲ್ಲಿ ಮುಲ್ಲರ್ ಉಳಿದದ್ದು ಯಾವ ಪದ್ಧತಿಯ ಮದ್ದು ಕೊಟ್ಟರು ಎಂಬುದಕ್ಕಲ್ಲ, ಯಾರಿಗೆ ಕೊಟ್ಟರು ಎಂಬುದಕ್ಕೆ.

ಹತ್ತರಲ್ಲಿ ಒಂಬತ್ತು ಮಂದಿ ತಿರುಗಿ ನೋಡಲಿಲ್ಲ

ಇಂಥ ಕೆಲಸಕ್ಕೆ ಕ್ರೈಸ್ತರು ಆಧಾರವಾಗಿ ತೋರಿಸುವುದು ಬೈಬಲಿನ ಕೆಲವು ಪ್ರಸಂಗಗಳನ್ನು. ಎಲ್ಲರಿಗೂ ಗೊತ್ತಿರುವುದು ಸಮಾರ್ಯದವನ ಕತೆ. ಕಳ್ಳರು ಹೊಡೆದು ಹಾಕಿದ ಪ್ರಯಾಣಿಕನೊಬ್ಬ ದಾರಿ ಬದಿಯಲ್ಲಿ ಬಿದ್ದಿರುತ್ತಾನೆ. ಅವನದೇ ಮತದ ಇಬ್ಬರು ಧಾರ್ಮಿಕ ವ್ಯಕ್ತಿಗಳು ನೋಡಿಯೂ ದಾಟಿ ಹೋಗುತ್ತಾರೆ. ನಿಲ್ಲುವವನು ಯೆಹೂದ್ಯರು ಕೀಳಾಗಿ ಕಾಣುತ್ತಿದ್ದ ಸಮಾರ್ಯದವನು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ಯುತ್ತಾನೆ. ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಎಂದು ಹೇಳಿ ಹೋಗುತ್ತಾನೆ. ಇಡೀ ಕತೆಯಲ್ಲಿ ಅವನು ಬಿದ್ದವನ ಜಾತಿ ಕೇಳುವುದಿಲ್ಲ. ತನ್ನ ದೇವರ ಬಗ್ಗೆಯೂ ಒಂದು ಮಾತಾಡುವುದಿಲ್ಲ.

ಲೂಕನ ಶುಭಸಂದೇಶದಲ್ಲೇ ಇನ್ನೊಂದು ಪ್ರಸಂಗ ಉಂಟು, ಅದು ಅಷ್ಟು ಪ್ರಸಿದ್ಧವಲ್ಲ. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸುತ್ತಾರೆ. ತಿರುಗಿ ಬಂದು ಕೃತಜ್ಞತೆ ಹೇಳುವುದು ಒಬ್ಬನೇ, ಅವನೂ ಹೊರಗಿನವನು, ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳುತ್ತಾರೆ. ಆದರೆ ಅವರ ಗುಣವನ್ನು ಹಿಂದಕ್ಕೆ ಪಡೆಯುವುದಿಲ್ಲ. ‘ಧರ್ಮಕ್ಕೆ ಕೊಡುವುದು’ ಎಂದರೆ ಇದೇ ಅಲ್ವಾ? ಕೊಟ್ಟ ಮೇಲೆ ಒಂಬತ್ತು ಮಂದಿ ತಿರುಗಿ ನೋಡದಿದ್ದರೂ ಕೊಟ್ಟದ್ದು ಕೊಟ್ಟದ್ದೇ.

ಹಾಗಾದರೆ ವಿಶ್ವಾಸ ಹಂಚುವುದು ಎಲ್ಲಿ ಬಂತು? ಕ್ರೈಸ್ತರು ತಮ್ಮ ನಂಬಿಕೆಯನ್ನು ಮುಚ್ಚಿಡಬೇಕು ಎಂದು ಬೈಬಲ್ ಹೇಳುವುದಿಲ್ಲ. ಪೇತ್ರನ ಮೊದಲ ಪತ್ರದಲ್ಲಿ ಒಂದು ಸಲಹೆ ಉಂಟು: ನಿಮ್ಮ ಭರವಸೆಗೆ ಕಾರಣವೇನು ಎಂದು ಯಾರಾದರೂ ಕೇಳಿದರೆ ಉತ್ತರಿಸಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ. ಇಲ್ಲಿ ಕ್ರಮ ಮುಖ್ಯ. ಮೊದಲು ಬದುಕು, ಆಮೇಲೆ ಇನ್ನೊಬ್ಬರ ಪ್ರಶ್ನೆ, ಕೊನೆಗೆ ಮಾತು. ಪ್ರಶ್ನೆ ಬಾರದಿದ್ದರೆ ಸೇವೆ ವ್ಯರ್ಥವಾಯಿತು ಎಂದಲ್ಲ.

ಹಂಚಿನ ಕಾರ್ಖಾನೆ ಯಾಕೆ ಬಂತು?

ಮುಲ್ಲರ್ ಬರುವುದಕ್ಕೆ 44 ವರ್ಷ ಮೊದಲೇ, 1834ರಲ್ಲಿ, ಬಾಸೆಲ್ ಮಿಷನ್ನಿನ ಸ್ಯಾಮ್ಯುವೆಲ್ ಹೆಬಿಕ್ ಮತ್ತು ಇಬ್ಬರು ಸಂಗಡಿಗರು ಮಂಗಳೂರಿಗೆ ಬಂದಿದ್ದರು. ಅವರು ಪ್ರೊಟೆಸ್ಟೆಂಟರು. ಮತ ಪ್ರಚಾರಕ್ಕೇ ಬಂದವರು, ಅದನ್ನು ಮುಚ್ಚಿಟ್ಟವರಲ್ಲ. ಅವರ ಕತೆ ಮುಲ್ಲರ್ ಕತೆಯಷ್ಟು ಸರಳವೂ ಅಲ್ಲ.

ಮಿಷನ್ನಿಗೆ ಸೇರಿದವರಿಗೆ ಮೊದಲು ಎದುರಾದದ್ದು ಹೊಟ್ಟೆಯ ಪ್ರಶ್ನೆ. ಜಾತಿ ಬಿಟ್ಟವರಿಗೆ ಮನೆ ಬಾಗಿಲು ಮುಚ್ಚುತ್ತಿತ್ತು. ಗೇಣಿ ಭೂಮಿ ಹೋಗುತ್ತಿತ್ತು. ಮೂರ್ತೆದಾರಿಕೆ ಮಾಡುತ್ತಿದ್ದವರು ಮಿಷನ್ ನಿಯಮದಂತೆ ಆ ಕಸುಬನ್ನೇ ಬಿಡಬೇಕಿತ್ತು. ಹೀಗೆ ಕೈ ಖಾಲಿಯಾದವರಿಗೆ ಕೆಲಸ ಕೊಡಲೇಬೇಕಾಯಿತು. ಕೃಷಿ, ಗಡಿಯಾರ ರಿಪೇರಿಯಂಥ ಪ್ರಯೋಗಗಳು ನಡೆದವು, ಕೈಗೂಡಲಿಲ್ಲ. ನೇಯ್ಗೆ ಮತ್ತು ಮುದ್ರಣ ನಿಂತಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿ ದಡದ ಆವೆಮಣ್ಣಿನಿಂದ ಆದ ಆ ಕೆಂಪು ಹಂಚು ‘ಮಂಗಳೂರು ಹಂಚು’ ಎಂದು ಹೆಸರಾಯಿತು.

ಕರಾವಳಿಯ ಮಳೆಗೆ ಮುಳಿಹುಲ್ಲಿನ ಮಾಡು ಪ್ರತಿ ವರ್ಷ ಹೊದೆಸಬೇಕು. ಹಂಚು ಬಂದ ಮೇಲೆ ಆ ಕಷ್ಟ ತಪ್ಪಿತು. ಮನೆ ಯಾವ ಮತದವರದ್ದಾದರೂ ಹಂಚು ಒಂದೇ. ಕನ್ನಡಕ್ಕೆ ಸಿಕ್ಕಿದ್ದೂ ಸಣ್ಣದಲ್ಲ. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರತಂದ ಮಂಗಳೂರು ಸಮಾಚಾರ, 1894ರಲ್ಲಿ ಬಂದ ಕಿಟೆಲ್ ನಿಘಂಟು, ಎರಡೂ ಇದೇ ಮಿಷನ್ನಿನವರ ಕೆಲಸ.

ಆದರೆ ಕಾರ್ಖಾನೆಯ ಇನ್ನೊಂದು ಮುಖವನ್ನೂ ನೋಡಬೇಕು. ಕೆಲಸ ಕೊಡುವವರು ಮತ್ತು ಮತ ಬೋಧಿಸುವವರು ಒಬ್ಬರೇ ಆದಾಗ, ‘ಕೆಲಸಕ್ಕಾಗಿ ಸೇರಿದ್ದು’ ಎಂಬ ಮಾತು ಹುಟ್ಟದೆ ಇರುವುದಿಲ್ಲ. ಉದ್ಯಮ ನಡೆಸುವುದು ಮಿಷನ್ನಿನ ಕೆಲಸವೇ ಎಂಬ ಚರ್ಚೆ ಮಿಷನ್ ಒಳಗೂ ನಡೆದಿತ್ತು. ಸಂಬಳಕ್ಕಾಗಿ ಬಂದವನು ಯಾರು, ಮನಸ್ಸು ಒಪ್ಪಿ ಬಂದವನು ಯಾರು ಎಂದು ಹೊರಗಿನವರಿಗೆ ಬಿಡಿ, ಒಳಗಿನವರಿಗೂ ಹೇಳುವುದು ಕಷ್ಟ. ಸೇವೆ ಮತ್ತು ಪ್ರಚಾರ ಒಂದೇ ಮೇಜಿನ ಮೇಲೆ ಕೂತಾಗ ಆಗುವ ಸಮಸ್ಯೆ ಇದು. ಉದ್ದೇಶ ಒಳ್ಳೆಯದಿದ್ದರೂ ಅದು ತಪ್ಪುವುದಿಲ್ಲ.

ಹೆಣ್ಮಕ್ಕಳಿಗೆ ಶಾಲೆ, ಹೆಂಗಸರಿಗೆ ಆಸ್ಪತ್ರೆ

ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಧರ್ಮಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಸಂತ ಆನ್ನರ ಶಾಲೆ ಶುರು ಮಾಡಿದರು. ಅದೇ ಸಂಸ್ಥೆ 1921ರಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆಯಿತು. ಹೆಣ್ಮಕ್ಕಳನ್ನು ಕಾಲೇಜಿಗೆ ಕಳಿಸುವುದೇ ಅಪರೂಪವಾಗಿದ್ದ ಕಾಲ ಅದು. 1921ರಲ್ಲೇ ಬೆಂದೂರಿನಲ್ಲಿ ಮೊನ್ಸಿಂಜೊರ್ ಆರ್.ಎಫ್.ಸಿ. ಮಸ್ಕರೇನ್ಹಸ್ ಅವರು ಬೆಥನಿ ಭಗಿನಿಯರ ಸಂಸ್ಥೆ ಕಟ್ಟಿದರು. ಪೇಟೆಯ ಶಾಲೆಗೆ ಬರಲಾಗದ ಹಳ್ಳಿಯ ಹೆಣ್ಮಕ್ಕಳಿದ್ದಲ್ಲಿಗೇ ಶಾಲೆ ಹೋಗಬೇಕು ಎಂಬುದು ಅದರ ಹಿಂದಿನ ಯೋಚನೆ.

ಆಗ ಇದೇ ಜಿಲ್ಲೆಯ ಭಾಗವಾಗಿದ್ದ ಉಡುಪಿಯಲ್ಲಿ 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಆಸ್ಪತ್ರೆ ತೆರೆದರು. ಗಂಡಸು ಡಾಕ್ಟರ ಎದುರು ಹೋಗಲು ಹೆಂಗಸರು ಒಪ್ಪದ, ಹೆರಿಗೆ ಎಂದರೆ ಜೀವಭಯ ಎಂದಿದ್ದ ದಿನಗಳಲ್ಲಿ ಮಹಿಳಾ ವೈದ್ಯೆ ಸಿಗುವುದೇ ದೊಡ್ಡ ಸಂಗತಿ. ಉಡುಪಿಯವರಿಗೆ ಅದು ಇಂದಿಗೂ ‘ಮಿಷನ್ ಆಸ್ಪತ್ರೆ’.

ಈ ಆಸ್ಪತ್ರೆಗಳಿಗೆ ಹೋದವರೆಲ್ಲ ಮತ ಬದಲಾಯಿಸಿದರೇ? 2011ರ ಜನಗಣತಿ ಪ್ರಕಾರ ದಕ್ಷಿಣ ಕನ್ನಡದಲ್ಲಿ ಕ್ರೈಸ್ತರು ಶೇ 8ರಷ್ಟು. ಇವರಲ್ಲಿ ಹೆಚ್ಚಿನವರು ಈ ಆಸ್ಪತ್ರೆ, ಶಾಲೆಗಳು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಇಲ್ಲಿದ್ದ ಕೊಂಕಣಿ ಕ್ಯಾಥೊಲಿಕ್ ಸಮುದಾಯದವರು. ಮದ್ದು ಕುಡಿದವರೆಲ್ಲ ಇಗರ್ಜಿಗೆ ಸೇರಿದ್ದರೆ ಲೆಕ್ಕ ಬೇರೆಯೇ ಇರುತ್ತಿತ್ತು.

ಸದ್ದಿಲ್ಲದ ಸಭೆ

ದೊಡ್ಡ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಆದರೆ ಇಗರ್ಜಿಗಳ ಮಟ್ಟದಲ್ಲಿ ವಾರವಾರ ನಡೆಯುವ ಕೆಲಸ ಅಷ್ಟು ಕಾಣುವುದಿಲ್ಲ. ಅದರಲ್ಲೊಂದು ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ. ಕೊಂಕಣಿಯಲ್ಲಿ ‘ಸಾಂ ವಿಶೆಂತ್ ಪಾವ್ಲ್ ಸಭಾ’.

ಇದು ಹುಟ್ಟಿದ್ದು 1833ರಲ್ಲಿ ಪ್ಯಾರಿಸ್‌ನಲ್ಲಿ, ಒಂದು ವಾಗ್ವಾದದ ನಂತರ. ಫ್ರೆಡ್ರಿಕ್ ಓಜಾನಮ್ ಎಂಬ 20ರ ಹರೆಯದ ಕಾಲೇಜು ಹುಡುಗ ಕ್ರೈಸ್ತ ಮತ ಜಗತ್ತಿಗೆ ಮಾಡಿದ ಒಳಿತಿನ ಬಗ್ಗೆ ವಾದಿಸುತ್ತಿದ್ದ. ಹಿಂದೆ ಮಾಡಿದ್ದು ಸರಿ, ಈಗ ಈ ಊರಿನ ಬಡವರಿಗೆ ನೀವು ಏನು ಮಾಡ್ತಿದ್ದೀರಿ ಎಂದು ಎದುರಾಳಿ ಕೇಳಿದ. ಓಜಾನಮ್ ಹತ್ತಿರ ಉತ್ತರ ಇರಲಿಲ್ಲ. ಅವನು ವಾದ ನಿಲ್ಲಿಸಿ ಗೆಳೆಯರೊಂದಿಗೆ ಬಡವರ ಮನೆಗೆ ಹೋಗಲು ಶುರು ಮಾಡಿದ. ಆ ಸಣ್ಣ ಗುಂಪು ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಹಬ್ಬಿದೆ.

ಸಭೆ ನಡೆಯುವ ರೀತಿ ಸರಳ. ಸದಸ್ಯರು ನಿಯಮಿತವಾಗಿ ಸೇರುತ್ತಾರೆ. ಒಂದು ಚೀಲ ಸುತ್ತು ಬರುತ್ತದೆ, ಪ್ರತಿಯೊಬ್ಬರೂ ಕೈ ಒಳಗೆ ಹಾಕುತ್ತಾರೆ. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ ಎಂಬುದು ಪಕ್ಕದವರಿಗೂ ಗೊತ್ತಾಗಬಾರದು. ಆಮೇಲೆ ಇಬ್ಬಿಬ್ಬರಾಗಿ ಮನೆ ಭೇಟಿ. ಅಕ್ಕಿ, ಮದ್ದಿನ ಖರ್ಚು, ಮಕ್ಕಳ ಶಾಲೆ ಫೀಸು, ಸೋರುವ ಮಾಡಿನ ರಿಪೇರಿ, ಹೀಗೆ ಅಗತ್ಯ ನೋಡಿ ನೆರವು. ನೆರವು ಪಡೆದ ಮನೆಯ ಹೆಸರನ್ನು ಹೊರಗೆ ಹೇಳುವಂತಿಲ್ಲ. ನೆರವಿಗೆ ಮತ ನೋಡಬಾರದು ಎಂಬುದು ಸಭೆಯ ನಿಯಮದಲ್ಲೇ ಉಂಟು.

ಕೊಡುವವನ ಹೆಸರೂ ಗುಟ್ಟು, ಪಡೆಯುವವನ ಹೆಸರೂ ಗುಟ್ಟು. ಅಕ್ಕಿ ಚೀಲ ಕೊಡುವಾಗ ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುವ ಈ ಕಾಲದಲ್ಲಿ ಇದು ಹಳೇ ಪದ್ಧತಿ ಅನಿಸಬಹುದು. ಆದರೆ ಬಡವನ ಮಾನ ಉಳಿಯುವುದು ಇದರಲ್ಲೇ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಯೇಸುವಿನ ಬೋಧನೆಯನ್ನು ಚೀಲದ ರೂಪಕ್ಕೆ ಇಳಿಸಿದ್ದು ಎನ್ನಬಹುದು.

ಗೆರೆ ಎಲ್ಲಿ?

ಸಂವಿಧಾನದ 25ನೇ ವಿಧಿ ತನಗೆ ಸರಿಕಂಡ ಮತವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯದ ಮಿತಿ ಅದಕ್ಕುಂಟು. 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ತನ್ನ ಮತದ ತತ್ವಗಳನ್ನು ವಿವರಿಸುವುದು ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವುದು ಹಕ್ಕಲ್ಲ. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆಯು ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣದಂಥವನ್ನು ಮತಾಂತರದ ‘ಆಮಿಷ’ ಎಂದು ಪಟ್ಟಿ ಮಾಡಿತು. ಅದನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು.

ಕಾಯ್ದೆಯ ಪರ, ವಿರೋಧದ ವಾದಗಳು ಬೇರೆ. ಅನುಮಾನದ ಬೆಲೆ ಏನು ಎಂಬುದು ಈ ಜಿಲ್ಲೆಗೆ ಗೊತ್ತುಂಟು. ಮತಾಂತರದ ಆರೋಪಗಳ ನಡುವೆ 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ತನಿಖೆಗೆ ಸರಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಿಸಿತು, 2011ರಲ್ಲಿ ವರದಿಯೂ ಬಂತು. ಯಾವ ಆರೋಪವೂ ದಾಳಿಗೆ ಸಮರ್ಥನೆಯಾಗುವುದಿಲ್ಲ. ಆದರೆ ನೆರೆಹೊರೆಯ ನಂಬಿಕೆಗೆ ಆ ದಿನ ಬಿದ್ದ ಪೆಟ್ಟು ಬೇಗ ಮಾಯುವಂಥದ್ದಾಗಿರಲಿಲ್ಲ.

ಕಾನೂನು ಹೇಳುವ ಮೊದಲೇ ಚರ್ಚುಗಳು ತಮಗೆ ತಾವೇ ಗೆರೆ ಎಳೆದುಕೊಂಡದ್ದೂ ಉಂಟು. ಪೋಪ್ 16ನೇ ಬೆನೆಡಿಕ್ಟ್ 2005ರ ಡಿಸೆಂಬರ್ ದಿನಾಂಕದ ತಮ್ಮ ಮೊದಲ ವಿಶ್ವಪತ್ರದಲ್ಲಿ ಇದನ್ನು ನೇರವಾಗಿಯೇ ಬರೆದರು. ದಾನಧರ್ಮವನ್ನು ಮತಕ್ಕೆ ಸೆಳೆಯುವ ಸಾಧನ ಮಾಡಬಾರದು, ದೇವರ ಬಗ್ಗೆ ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿದ್ದು ಪ್ರೀತಿಯೊಂದೇ ಮಾತಾಡಲು ಬಿಡಬೇಕು ಎಂಬುದು ಕ್ರೈಸ್ತನಿಗೆ ತಿಳಿದಿರಬೇಕು ಎಂಬುದು ಅದರ ಸಾರ. 2011ರಲ್ಲಿ ವ್ಯಾಟಿಕನ್, ಚರ್ಚುಗಳ ವಿಶ್ವ ಮಂಡಳಿ ಮತ್ತು ಇವಾಂಜೆಲಿಕಲ್ ಸಭೆಗಳ ವಿಶ್ವ ಒಕ್ಕೂಟ ಒಟ್ಟಾಗಿ ಒಂದು ನಡವಳಿಕೆ ಸೂಚಿ ಹೊರತಂದವು. ಬಡತನವನ್ನು, ಕಾಯಿಲೆಯನ್ನು ಬಳಸಿಕೊಂಡು ಹಣ ಅಥವಾ ಉಡುಗೊರೆಯ ಆಮಿಷ ಒಡ್ಡುವುದು ಸೇವೆಯಲ್ಲಿ ಸಲ್ಲದು ಎಂದು ಅದರಲ್ಲೂ ಉಂಟು. ಪರಸ್ಪರ ಒಮ್ಮತ ಅಪರೂಪವಾದ ಈ ಮೂರು ಬಣಗಳು ಇದಕ್ಕೆ ಒಟ್ಟಿಗೆ ಸಹಿ ಮಾಡಿದ್ದು ಗಮನಿಸಬೇಕಾದ ವಿಚಾರ.

ಸೇವೆಯನ್ನು ಗುರುತಿಸುವುದು ಹೇಗೆ?

ಸೇವೆ ಮಾಡುವ ಯುವಕ ಸಂಘಗಳಿಗಾಗಲಿ, ನೆರವು ಪಡೆಯುವವರಿಗಾಗಲಿ ಕೆಲವು ಸರಳ ಪ್ರಶ್ನೆಗಳು ಉಪಯೋಗಕ್ಕೆ ಬರುತ್ತವೆ.

* ಷರತ್ತು ಉಂಟಾ? ಪ್ರಾರ್ಥನೆಗೆ ಬಂದರೆ ಮಾತ್ರ ಅಕ್ಕಿ ಎಂದಾದರೆ ಅದು ಸೇವೆಯಲ್ಲ, ವ್ಯಾಪಾರ.
* ಬೇಡ ಎಂದವರಿಗೂ ನಾಳೆ ಅದೇ ನೆರವು ಸಿಗುತ್ತದಾ? ಹತ್ತು ಕುಷ್ಠರೋಗಿಗಳ ಕತೆಯ ಪರೀಕ್ಷೆ ಇದು.
* ಸಮಯ ಯಾವುದು? ಐಸಿಯು ಹೊರಗೆ ಅಳುತ್ತಾ ಕೂತವರಿಗೆ ಬೇಕಾದ್ದು ಒಂದು ಲೋಟ ಚಾ, ರಕ್ತ ಕೊಡುವವರು, ರಾತ್ರಿ ಜೊತೆಗೆ ಕೂರುವವರು. ಉಪದೇಶಕ್ಕೆ ಅದು ಹೊತ್ತಲ್ಲ. ಪ್ರಾರ್ಥಿಸಬಹುದಾ ಎಂದು ಕೇಳಬಹುದು, ಬೇಡ ಎಂದರೆ ಅಲ್ಲಿಗೆ ಬಿಡಬೇಕು.
* ಮಾನ ಉಳಿಯುತ್ತದಾ? ಫೋಟೋ, ಬ್ಯಾನರ್, ಭಾಷಣ ಇಲ್ಲದೆಯೂ ಆ ಕೆಲಸ ನಡೆಯುತ್ತಿತ್ತಾ?
* ಅವರ ನಂಬಿಕೆಗೆ ಗೌರವ ಉಂಟಾ? ಇನ್ನೊಬ್ಬರ ದೇವರನ್ನು ಹಳಿದು ಕೊಟ್ಟ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.
* ‘ಯಾಕೆ ಇದೆಲ್ಲ ಮಾಡ್ತೀರಿ?’ ಎಂದು ಕೇಳಿದಾಗ ನೇರ ಉತ್ತರ ಉಂಟಾ? ಯೇಸುವಿನ ಮೇಲಿನ ನಂಬಿಕೆಯಿಂದ ಎಂದಾದರೆ ಹಾಗೆಂದೇ ಹೇಳುವುದು ಪ್ರಾಮಾಣಿಕತೆ. ಕಾರಣ ಮುಚ್ಚಿಟ್ಟರೆ ಅನುಮಾನ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಕೊನೆಯ ಎರಡು ಪ್ರಶ್ನೆಗಳು ಜೊತೆಯಾಗಿಯೇ ಹೋಗಬೇಕು. ತನ್ನ ನಂಬಿಕೆಯನ್ನು ನಾಚದೆ ಹೇಳುವವನು ಇನ್ನೊಬ್ಬನ ನಂಬಿಕೆಯನ್ನೂ ಗೌರವಿಸಿದಾಗ ಮಾತ್ರ ನೆರೆಯವನಿಗೆ ಹೆದರಿಕೆ ಇರುವುದಿಲ್ಲ.

ತಟ್ಟೆ ಖಾಲಿ ಹೋಗುವುದಿಲ್ಲ

ಕೊಡುವುದಷ್ಟೇ ಸಾಕ್ಷಿಯಲ್ಲ, ಪಡೆಯಲು ಕಲಿಯುವುದೂ ಅದರ ಭಾಗ. ಕ್ರಿಸ್ಮಸ್ ಬಂದರೆ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕುಸ್ವಾರ್ ತಯಾರಾಗುತ್ತದೆ. ನೆವ್ರಿ, ಕಿಡ್ಯೊ, ಗುಳಿಯೊ, ಚಕ್ಕುಲಿ, ಕೇಕ್ ತುಂಬಿದ ತಟ್ಟೆ ಅಕ್ಕಪಕ್ಕದ ಹಿಂದೂ, ಮುಸ್ಲಿಂ, ಜೈನ ಮನೆಗಳಿಗೆ ಹೋಗುತ್ತದೆ. ದೀಪಾವಳಿಗೆ ಆ ಕಡೆಯಿಂದ ಸಿಹಿ, ಈದ್‌ಗೆ ಬಿರಿಯಾನಿ ಬರುತ್ತದೆ. ಈ ತಟ್ಟೆಗಳ ಓಡಾಟದಲ್ಲಿ ಯಾರೂ ದಾನಿಯಲ್ಲ, ಯಾರೂ ಫಲಾನುಭವಿಯಲ್ಲ. ಎಲ್ಲರೂ ನೆರೆಯವರು.

ಮಿಷನ್ ಆಸ್ಪತ್ರೆಗಳೂ ಈಗ ಹೀಗೇ ನಡೆಯುತ್ತಿವೆ. ಅಲ್ಲಿನ ಡಾಕ್ಟರು, ನರ್ಸು, ಲ್ಯಾಬಿನವರು, ರಕ್ತ ಕೊಡಲು ಸಾಲಿನಲ್ಲಿ ನಿಲ್ಲುವವರು ಎಲ್ಲ ಮತದವರು. 1890ರಲ್ಲಿ ಒಬ್ಬ ಜರ್ಮನ್ ಗುರು ವಿಶ್ವಾಸದಿಂದ ಶುರು ಮಾಡಿದ್ದನ್ನು ಇಂದು ಬೇರೆ ಬೇರೆ ವಿಶ್ವಾಸದವರು ಸೇರಿ ಮುಂದುವರಿಸುತ್ತಿದ್ದಾರೆ. ಗಾಯ ತೊಳೆಯುವ ಕೈ ಯಾವ ದೇವರಿಗೆ ಮುಗಿಯುತ್ತದೆ ಎಂದು ರೋಗಿ ಕೇಳುವುದಿಲ್ಲ. ಕೇಳಿದರೆ ಹೇಳಲು ಆ ಕೈಯವರಿಗೆ ಸಂಕೋಚವೂ ಇರಬೇಕಾಗಿಲ್ಲ.